ಕೂದಲಿನ ಆರೈಕೆಗೆ ಮೊದಲು ನೀರನ್ನು ನೋಡಿರಿ

ಮಗಳ ಕೂದಲು ಒರಟಾಯಿತೆಂದು ದುಬಾರಿ ಶಾಂಪೂ ಕೊಳ್ಳುವ ತಾಯಂದಿರು ಮೊದಲು ಮನೆಯ ನೀರನ್ನು ಪರೀಕ್ಷಿಸಬೇಕು. ಕಡಗಂಚಿಯ ಸುತ್ತಲಿನ ಎರೆಭೂಮಿಯಲ್ಲಿ ಹಲವೆಡೆ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಸಾಬೂನು ಸುಲಭವಾಗಿ ನೊರೆಯಾಗದು. ನೀರಿನ ಸುಣ್ಣದ ಅಂಶದೊಡನೆ ಕೂಡಿ ಜಿಗುಟು ಪದರವಾಗಿ ಕೂದಲಿಗೆ ಅಂಟುತ್ತದೆ. ಆಗ ಕೂದಲು ಸಿಕ್ಕುಗಟ್ಟಿ, ಬಾಚುವಾಗ ತುಂಡಾಗುತ್ತದೆ. ಆದುದರಿಂದ ತಲೆಗೆ ಮೈಸಾಬೂನು ಬೇಡ. ಸೌಮ್ಯವಾದ ಶಾಂಪೂ ಇಲ್ಲವೆ ಚೆನ್ನಾಗಿ ಸೋಸಿದ ಸೀಗೆಪುಡಿ ಮೇಲು. (ಶಾಂಪೂ ಎಂಬ ಹೆಸರು ಹಿಂದಿಯಿಂದಲೇ ಇಂಗ್ಲಿಷಿಗೆ ಹೋದದ್ದು!) ಅದನ್ನು ನೆತ್ತಿಯ ಚರ್ಮಕ್ಕೆ ತಿಕ್ಕಿರಿ, ತುದಿಗಳಿಗೆ ಇಳಿದು ಬರುವ ನೊರೆಯೇ ಸಾಕು.

ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಜಾಹೀರಾತು ಏನೇ ಹೇಳಲಿ, ಸೀಳಿದ ತುದಿಯನ್ನು ಯಾವ ಬಾಟಲಿಯೂ ಶಾಶ್ವತವಾಗಿ ಕೂಡಿಸಲಾರದು, ಕತ್ತರಿಸುವುದೇ ಸರಿ. ಬುಡಸಹಿತ ಗೊಂಚಲಾಗಿ ಉದುರಿದರೆ ವೈದ್ಯರಿಗೆ ತೋರಿಸಿರಿ. ಶುದ್ಧವಾದ ಮಳೆನೀರು ಹಿಡಿದಿಟ್ಟಿದ್ದರೆ ಕಡೆಯ ಎರಡು ತಂಬಿಗೆ ಅದನ್ನೇ ಎರೆದುಕೊಳ್ಳಿರಿ.