ಬಾಡಿದ ಆಪೂಸ್ ಸಸಿಗೆ ಆರೈಕೆ

ಕಲಘಟಗಿ ತಾಲೂಕಿನ ಕೆಂಪು ಮಣ್ಣಿನಲ್ಲಿ ಮುಂಗಾರಿಗೆ ನೆಟ್ಟ ಆಪೂಸ್ ಮಾವಿನ ಕಸಿ ಸಸಿಗಳು ಎಲೆ ಜೋಲಿಸಿ ನಿಂತರೆ ರೈತ ಬಾಂಧವರು ಗಾಬರಿಯಾಗಿ ಯೂರಿಯಾ ಹಾಕುವುದುಂಟು. ಇದು ಸರಿಯಲ್ಲ. ನೊಂದ ಬೇರಿಗೆ ರಸಗೊಬ್ಬರದಿಂದ ಹಾನಿಯೇ ಹೆಚ್ಚು. ಹೊಸ ಚಿಗುರು ಬಂದು ಎಲೆ ಬಲಿತ ಮೇಲೆಯೇ ಗೊಬ್ಬರ ಕೊಡಬೇಕು.

ಮೊದಲು ಕಸಿ ಗಂಟಿನ ಮೇಲ್ಭಾಗದ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿರಿ. ಒಳಗೆ ಹಸಿರಿದ್ದರೆ ಜೀವವಿದೆ. ಗಂಟು ಮಣ್ಣಿನಲ್ಲಿ ಹೂತಿದ್ದರೆ ಮಣ್ಣು ಸರಿಸಿ ಬಯಲು ಮಾಡಿರಿ. ಬುಡದಲ್ಲಿ ಮಳೆನೀರು ನಿಂತರೆ ಬೇರು ಉಸಿರುಗಟ್ಟಿ ಎಲೆ ಬಾಡುತ್ತದೆ. ಕಾಲುವೆ ತೆಗೆದು ನೀರನ್ನು ಹೊರಹಾಕಿರಿ. ಮಳೆ ಬಿಟ್ಟ ಮೇಲೆ ಬೆರಳುದ್ದ ಮಣ್ಣು ಕೆದರಿ, ಒಣಗಿದ್ದರೆ ಮಾತ್ರ ಸಂಜೆ ಒಂದು ಕೊಡ ನೀರು ಹಾಕಿರಿ. ಪಡುವಣ ಬಿಸಿಲಿಗೆ ತೆಂಗಿನ ಗರಿಯ ಮರೆ ಕಟ್ಟಿರಿ. ಒಣ ಎಲೆಯ ಹೊದಿಕೆ ಕಾಂಡಕ್ಕೆ ತಾಗದಿರಲಿ. ಗೆದ್ದಲು ಕಂಡರೆ ಅದರ ಮಣ್ಣು ಕೆರೆದು ತೆಗೆದು, ಬುಡದ ಮಣ್ಣಿಗೆ ಬೇವಿನ ಹಿಂಡಿ ಬೆರೆಸಿರಿ.

ಗಂಟಿನ ಕೆಳಗಿನ ಚಿಗುರನ್ನು ಕೂಡಲೇ ಚಿವುಟಿರಿ. ಅದು ಜವಾರಿ ಬುಡದ ಚಿಗುರು. ಮೇಲಿನ ಕಸಿ ಕಡ್ಡಿ ಸತ್ತು ಅದೇ ಬೆಳೆದರೆ ಗಿಡ ಹಚ್ಚಗೆ ಕಂಡೀತು. ಆದರೆ ವರ್ಷಗಟ್ಟಲೆ ಸಾಕಿದ ಮೇಲೆ ಸಿಗುವ ಹಣ್ಣು ಆಪೂಸ್ ಆಗಿರದು. ಕಡ್ಡಿ ಪೂರ್ತಿ ಒಣಗಿದ್ದರೆ ಮೋಹ ಬಿಟ್ಟು, ಬರುವ ಮುಂಗಾರಿಗೆ ನಂಬಿಕೆಯ ಸಸ್ಯಕ್ಷೇತ್ರದಿಂದ ಹೊಸ ಸಸಿ ತಂದು ನೆಡುವುದೇ ಲೇಸು.