ಎಂಜಿನಿಯರಿಂಗ್ ವ್ಯಾಸಂಗ: ತವರು ರಾಜ್ಯವೋ, ಹೊರರಾಜ್ಯವೋ?

ಬೆಂಗಳೂರು: ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದು ಸಿಇಟಿ ಫಲಿತಾಂಶದ ನಿರೀಕ್ಷೆ ಆರಂಭವಾಗುತ್ತಿದ್ದಂತೆ ವಿಜ್ಞಾನ ವಿದ್ಯಾರ್ಥಿಗಳ ಮನೆಗಳಲ್ಲಿ ಪ್ರತಿ ವರ್ಷವೂ ಒಂದೇ ಚರ್ಚೆ. ನೆರೆರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದು ಸೀಟು ನೀಡಿರುತ್ತದೆ, ಇಂತಿಷ್ಟು ದಿನದೊಳಗೆ ಮುಂಗಡ ಶುಲ್ಕ ಕಟ್ಟಬೇಕೆಂದು ಸೂಚಿಸಿರುತ್ತದೆ. ಇತ್ತ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ಇನ್ನೂ ಆರಂಭವೇ ಆಗಿರುವುದಿಲ್ಲ. ಕೈಯಲ್ಲಿರುವುದನ್ನು ಹಿಡಿಯಬೇಕೋ, ಬರಲಿರುವುದಕ್ಕೆ ಕಾಯಬೇಕೋ ಎಂಬ ಗೊಂದಲದಲ್ಲಿ ಪೋಷಕರು ಸಿಲುಕುತ್ತಾರೆ.

ಆದರೆ ಈ ಆಯ್ಕೆಯ ಒಂದು ಮುಖ್ಯ ಭಾಗ ಅಷ್ಟರಲ್ಲಾಗಲೇ ತೀರ್ಮಾನವಾಗಿಹೋಗಿರುತ್ತದೆ. ವಿದ್ಯಾರ್ಥಿಯು ಪಿಯುಸಿಯನ್ನು ಯಾವ ರಾಜ್ಯದಲ್ಲಿ ಓದಿದನೆಂಬುದೇ ಆತನಿಗೆ ಯಾವ ಸೀಟುಗಳ ಮೇಲೆ ಹಕ್ಕಿದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಇದು ಬಹುತೇಕ ಕುಟುಂಬಗಳಿಗೆ ತಿಳಿಯುವುದು ತಡವಾಗಿ.

ತವರಿನಲ್ಲಿ ದೊರೆಯುವುದೇನು?

ರಾಜ್ಯದ ಎಂಜಿನಿಯರಿಂಗ್ ರ‍್ಯಾಂಕ್ ಪಟ್ಟಿಯಲ್ಲಿ ಸಿಇಟಿ ಅಂಕಗಳಿಗೆ ಶೇ. 50ರಷ್ಟು, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳಿಗೆ ಶೇ. 50ರಷ್ಟು ಮಹತ್ವವಿದೆ. ಆದ್ದರಿಂದ ಎರಡು ವರ್ಷ ಶ್ರದ್ಧೆಯಿಂದ ಓದಿದ ವಿದ್ಯಾರ್ಥಿ ಒಂದು ದಿನದ ಪರೀಕ್ಷೆಯಲ್ಲಿ ಎಡವಿದರೂ ಪೂರ್ತಿ ಸೋಲುವುದಿಲ್ಲ. ಅಖಿಲ ಭಾರತ ಮಟ್ಟದ ಜೆಇಇಯಲ್ಲಿ ಈ ಆಸರೆ ಇಲ್ಲ.

ಇದಕ್ಕೆ ಮೀಸಲಾತಿಯ ಬಲವೂ ಸೇರುತ್ತದೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಸೀಟುಗಳು ಮೀಸಲಾಗಿವೆ. ಸಂವಿಧಾನದ 371(ಜೆ) ವಿಧಿಯನ್ವಯ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳು ಲಭ್ಯ. ಕಡಿಮೆ ಆದಾಯದ ಕುಟುಂಬಗಳ ಪ್ರತಿಭಾವಂತರಿಗೆ ಬೋಧನಾ ಶುಲ್ಕದ ವಿನಾಯಿತಿಯುಳ್ಳ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿವೆ.

ರಾಜ್ಯದ ಗಡಿ ದಾಟಿದೊಡನೆ ಗ್ರಾಮೀಣ ಕೋಟಾ ಇಲ್ಲ, ಕನ್ನಡ ಮಾಧ್ಯಮದ ಕೋಟಾ ಇಲ್ಲ, 371(ಜೆ) ಇಲ್ಲ. ಕೇಂದ್ರೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳ ಕೇಂದ್ರ ಪಟ್ಟಿಯೇ ಆಧಾರ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಆ ಪಟ್ಟಿಯಲ್ಲಿಲ್ಲ. ಇಲ್ಲಿ ಮೀಸಲಾತಿ ಪಡೆಯುವ ವಿದ್ಯಾರ್ಥಿ ಅಲ್ಲಿ ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಬೇಕಾಗಬಹುದು.

ಎರಡು ನಿಯಮ, ಒಬ್ಬ ವಿದ್ಯಾರ್ಥಿ

ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ (ಎನ್‌ಐಟಿ) ಅರ್ಧದಷ್ಟು ಸೀಟುಗಳು ಆಯಾ ರಾಜ್ಯದವರಿಗೆ ಮೀಸಲು. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಆರಂಭಗೊಂಡು 2002ರಲ್ಲಿ ಎನ್‌ಐಟಿಯಾದ ಸುರತ್ಕಲ್‌ನ ಸಂಸ್ಥೆಯಲ್ಲಿಯೂ ಇದೇ ಪದ್ಧತಿ. ಆದರೆ ಇಲ್ಲಿ ‘ಸ್ವಂತ ರಾಜ್ಯ’ ಎಂದರೆ ಅಭ್ಯರ್ಥಿ ಹುಟ್ಟಿದ ಊರಲ್ಲ, ಆತನ ಮಾತೃಭಾಷೆಯೂ ಅಲ್ಲ. ಹನ್ನೆರಡನೇ ತರಗತಿಯಲ್ಲಿ ಮೊದಲ ಬಾರಿಗೆ ಉತ್ತೀರ್ಣನಾದ ರಾಜ್ಯವೇ ಆತನ ಸ್ವಂತ ರಾಜ್ಯ.

ಸಿಇಟಿಯ ಲೆಕ್ಕಾಚಾರ ಬೇರೆ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಈ ಪೈಕಿ ಒಂದನ್ನು ಇಲ್ಲಿಯೇ ಪಾಸು ಮಾಡಿದವರು ರಾಜ್ಯದ ಸೀಟಿಗೆ ಅರ್ಹರು. ಗಡಿನಾಡು ಹಾಗೂ ಹೊರನಾಡು ಕನ್ನಡಿಗರಿಗೆ ಕನ್ನಡ ಭಾಷಾ ಪರೀಕ್ಷೆ ಸಹಿತ ಪ್ರತ್ಯೇಕ ನಿಯಮಗಳಿವೆ.

ಕಲಬುರಗಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಕೋಚಿಂಗ್ ಸಲುವಾಗಿ ಹೈದರಾಬಾದಿಗೆ ತೆರಳಿ ಅಲ್ಲಿಯೇ ಇಂಟರ್‌ಮೀಡಿಯೆಟ್ ಪಾಸಾದ ವಿದ್ಯಾರ್ಥಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸಿಇಟಿಯಲ್ಲಿ ಆತ ಕರ್ನಾಟಕದವನಾಗಿಯೇ ಉಳಿಯುತ್ತಾನೆ. ಎನ್‌ಐಟಿ ಸೀಟು ಹಂಚಿಕೆಯಲ್ಲಿ ಮಾತ್ರ ತೆಲಂಗಾಣದವನಾಗುತ್ತಾನೆ. ಸುರತ್ಕಲ್‌ನಲ್ಲಿ ಆತ ಹೊರರಾಜ್ಯದ ಅಭ್ಯರ್ಥಿ, ವಾರಂಗಲ್‌ನಲ್ಲಿ ಸ್ವಂತ ರಾಜ್ಯದವ. ಸುರತ್ಕಲ್‌ನಲ್ಲಿ ಸ್ವಂತ ರಾಜ್ಯದ ಕೋಟಾದ ಕೊನೆಯ ರ‍್ಯಾಂಕ್ ಸಾಮಾನ್ಯವಾಗಿ ಹೊರರಾಜ್ಯದ ಕೋಟಾಕ್ಕಿಂತ ಸಡಿಲವಾಗಿರುತ್ತದೆ. ಹೀಗಾಗಿ ಕೋಚಿಂಗ್ ಹುಡುಕಿ ಹೋದವರು ತಮಗಿದ್ದ ಅನುಕೂಲವನ್ನೇ ಕಳೆದುಕೊಳ್ಳುವ ಸಾಧ್ಯತೆ ಇದೆ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿಯೇ ಈ ಅಂಶವನ್ನು ಪರಿಗಣಿಸುವುದು ಜಾಣತನ.

ಐಐಟಿಗಳಲ್ಲಿ ಸ್ವಂತ ರಾಜ್ಯದ ಕೋಟಾ ಇಲ್ಲ. 2016ರಲ್ಲಿ ಆರಂಭಗೊಂಡ ಧಾರವಾಡದ ಐಐಟಿಯಾಗಲಿ, ಧಾರವಾಡ ಮತ್ತು ರಾಯಚೂರಿನ ಐಐಐಟಿಗಳಾಗಲಿ ಕನ್ನಡಿಗರಿಗೆ ದೂರದ ದೃಷ್ಟಿಯಿಂದಷ್ಟೇ ಹತ್ತಿರ, ಪ್ರವೇಶದ ದೃಷ್ಟಿಯಿಂದಲ್ಲ.

ಹೊರರಾಜ್ಯ ಎಂದರೆ ಯಾವುದು?

ಬಹುತೇಕ ರಾಜ್ಯಗಳು ತಮ್ಮ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಹೆಚ್ಚಿನ ಪಾಲು ಸೀಟುಗಳನ್ನು ತಮ್ಮವರಿಗೇ ಕಾಯ್ದಿರಿಸುತ್ತವೆ. ಆದ್ದರಿಂದ ಕರ್ನಾಟಕದ ವಿದ್ಯಾರ್ಥಿಗೆ ಹೊರರಾಜ್ಯದಲ್ಲಿ ವಾಸ್ತವವಾಗಿ ತೆರೆದಿರುವುದು ಎರಡೇ ಹಾದಿ. ಒಂದು, ಜೆಇಇ ಮೂಲಕ ದೊರೆಯುವ ಐಐಟಿ, ಎನ್‌ಐಟಿ, ಐಐಐಟಿಗಳು. ಇನ್ನೊಂದು, ತಮ್ಮದೇ ಪ್ರವೇಶ ಪರೀಕ್ಷೆ ನಡೆಸುವ ಖಾಸಗಿ ಹಾಗೂ ಡೀಮ್ಡ್ ವಿಶ್ವವಿದ್ಯಾಲಯಗಳು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೊದಲ ಹಾದಿಯಲ್ಲಿ ಉತ್ತಮ ಸಂಸ್ಥೆ ದೊರೆತರೆ ದೂರವನ್ನು ಲೆಕ್ಕಿಸದೆ ಹೋಗುವುದು ಬಹಳ ಮಟ್ಟಿಗೆ ಸರಿಯಾದ ತೀರ್ಮಾನ. ಎರಡನೆಯ ಹಾದಿಯಲ್ಲಿ ಲೆಕ್ಕ ಬಿಗಿಯಾಗಿರಬೇಕು. ವೆಲ್ಲೂರಿನ ವಿಐಟಿಯಲ್ಲಿ ರ‍್ಯಾಂಕ್ ಆಧರಿಸಿ ಐದು ಶುಲ್ಕ ವರ್ಗಗಳಿವೆ. ರ‍್ಯಾಂಕ್ ಕೆಳಗಿಳಿದಂತೆ ಅದೇ ಶಾಖೆಯ, ಅದೇ ತರಗತಿಯ ಶುಲ್ಕ ಏರುತ್ತದೆ. ಒಂದೇ ಪಾಠ ಕೇಳುವ ಇಬ್ಬರು ನಾಲ್ಕು ವರ್ಷಗಳಲ್ಲಿ ಕಟ್ಟುವ ಹಣದಲ್ಲಿ ಲಕ್ಷಗಟ್ಟಲೆ ಅಂತರವಿರುತ್ತದೆ.

ರಾಜ್ಯದೊಳಗೂ ಸೀಟಿನ ಬೆಲೆ ಒಂದೇ ಅಲ್ಲ. ಅಲ್ಪಸಂಖ್ಯಾತರದಲ್ಲದ ಖಾಸಗಿ ಅನುದಾನರಹಿತ ಕಾಲೇಜುಗಳಲ್ಲಿ ಸ್ಥೂಲವಾಗಿ ಶೇ. 45ರಷ್ಟು ಸೀಟುಗಳು ಸಿಇಟಿಗೆ, ಶೇ. 30 ಕಾಮೆಡ್-ಕೆಗೆ, ಉಳಿದ ಶೇ. 25 ಆಡಳಿತ ಮಂಡಳಿಗೆ ಹಂಚಿಕೆಯಾಗುತ್ತವೆ. ಕಾಮೆಡ್-ಕೆ ಸೀಟಿನ ಶುಲ್ಕ ಸಿಇಟಿ ಸೀಟಿನ ದುಪ್ಪಟ್ಟಿಗೂ ಹೆಚ್ಚು. ಹೀಗಾಗಿ ಹೊರರಾಜ್ಯದ ಸೀಟನ್ನು ‘ರಾಜ್ಯದ ಸೀಟಿ’ನೊಂದಿಗೆ ಹೋಲಿಸಿದರೆ ಸಾಲದು, ರಾಜ್ಯದ ಯಾವ ಸೀಟಿನೊಂದಿಗೆ ಎಂಬುದನ್ನು ಕೇಳಬೇಕು.

ಒಂದು ಕಾಲದ ಚಿತ್ರ

ಹೊರರಾಜ್ಯಕ್ಕೆ ಹೋಗುವ ಚರ್ಚೆ ನಡೆಯುತ್ತಿರುವ ಇದೇ ಕರ್ನಾಟಕ, ಒಂದು ಕಾಲದಲ್ಲಿ ಹೊರಗಿನವರನ್ನು ಸೆಳೆಯುವುದಕ್ಕೇ ಹೆಸರಾಗಿತ್ತು. 1989ರ ಸರ್ಕಾರಿ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ಉಳಿದ ಸೀಟುಗಳಲ್ಲಿ ರಾಜ್ಯದವರಿಗೆ 25,000 ರೂ., ಹೊರರಾಜ್ಯದವರಿಗೆ 60,000 ರೂ. ಎಂದು ನಿಗದಿಪಡಿಸಿತ್ತು. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ಶುಲ್ಕವನ್ನು ತಳ್ಳಿಹಾಕಿತು. 1993ರ ಉನ್ನಿಕೃಷ್ಣನ್ ಪ್ರಕರಣದ ತೀರ್ಪಿನ ಬೆನ್ನಲ್ಲೇ, 1994ರಲ್ಲಿ ರಾಜ್ಯದಲ್ಲಿ ಸಿಇಟಿ ವ್ಯವಸ್ಥೆ ಜಾರಿಗೆ ಬಂತು.

ಹಣ ಕಟ್ಟುವ ಮುನ್ನ

ಅವಸರದ ಮುಂಗಡ ಪಾವತಿಯ ವಿಷಯದಲ್ಲಿ ಪೋಷಕರಿಗೆ ಒಂದು ರಕ್ಷಣೆ ಇದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ನಿಯಮದನ್ವಯ, ನಿಗದಿತ ಕೊನೆಯ ದಿನಾಂಕದೊಳಗೆ ಪ್ರವೇಶ ರದ್ದುಪಡಿಸಿದರೆ ಗರಿಷ್ಠ 1,000 ರೂ. ಮಾತ್ರ ಕಡಿತಗೊಳಿಸಿ ಉಳಿದ ಶುಲ್ಕವನ್ನು ಹಿಂದಿರುಗಿಸಬೇಕು. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ರದ್ದತಿಯ ದಿನಾಂಕವನ್ನು ಲಿಖಿತವಾಗಿ ಪಡೆದು, ರಸೀದಿಗಳನ್ನು ಜೋಪಾನ ಮಾಡಿಕೊಂಡೇ ಮುಂದುವರಿಯಬೇಕು.

ಸಾಲದ ಮಟ್ಟಿಗೆ ರಾಜ್ಯದ ಗಡಿ ಅಡ್ಡಬರುವುದಿಲ್ಲ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಅನುಮೋದಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಗುಣಮಟ್ಟದ ಸಂಸ್ಥೆಗಳಿಗೆ ಸೇರುವವರಿಗೆ ಆಸ್ತಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಮೀರದಿದ್ದರೆ 10 ಲಕ್ಷ ರೂ. ವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿಗೂ ಅವಕಾಶವಿದೆ. ಆಯ್ದುಕೊಂಡ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಗುಣಮಟ್ಟ ಅಳೆಯುವಾಗ ವಿಶ್ವವಿದ್ಯಾಲಯದ ಹೆಸರಿಗಿಂತ ಶಾಖೆಯ ಮಾನ್ಯತೆ ಮುಖ್ಯ. ನ್ಯಾಕ್ ಇಡೀ ಸಂಸ್ಥೆಗೆ ಶ್ರೇಣಿ ನೀಡಿದರೆ, ರಾಷ್ಟ್ರೀಯ ಮಾನ್ಯತಾ ಮಂಡಳಿಯು (ಎನ್‌ಬಿಎ) ಪ್ರತಿಯೊಂದು ಶಾಖೆಯನ್ನೂ ಪ್ರತ್ಯೇಕವಾಗಿ ಪರಿಶೀಲಿಸುತ್ತದೆ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯತ್ವ ಪಡೆದಿರುವುದರಿಂದ, ಮುಂದೆ ವಿದೇಶಕ್ಕೆ ಹೋಗಬಯಸುವವರಿಗೆ ಎನ್‌ಬಿಎ ಮಾನ್ಯತೆ ಉಪಯುಕ್ತ. ಕ್ಯಾಂಪಸ್ ನೇಮಕಾತಿಯ ಜಾಹೀರಾತುಗಳಲ್ಲಿ ಅತಿ ಹೆಚ್ಚು ಸಂಬಳದ ಅಂಕಿ ಎದ್ದು ಕಾಣುತ್ತದೆ. ಪೋಷಕರು ಕೇಳಬೇಕಾದದ್ದು ತಮ್ಮ ಮಗ ಅಥವಾ ಮಗಳು ಸೇರುವ ಶಾಖೆಯಲ್ಲಿ ಮಧ್ಯದ ರ‍್ಯಾಂಕಿನ ವಿದ್ಯಾರ್ಥಿಗೆ ದೊರೆತ ಸಂಬಳವೆಷ್ಟು ಎಂಬುದನ್ನು.

ಉದ್ಯೋಗ ಅರಸಿ ದೇಶದ ಎಲ್ಲೆಡೆಯಿಂದ ಯುವಜನರು ಬರುತ್ತಿರುವುದು ಬೆಂಗಳೂರಿಗೆ. ಇಲ್ಲಿಯೇ ಓದುವವರಿಗೆ ತರಬೇತಿ ಹುದ್ದೆಗಳೂ ಉದ್ಯಮದ ಸಂಪರ್ಕವೂ ಸಮೀಪದಲ್ಲಿವೆ. ರಾಜ್ಯದ ಸರ್ಕಾರಿ ಸೀಟನ್ನು ಬಿಟ್ಟು, ಸಾಲ ಮಾಡಿ, ಹೊರರಾಜ್ಯದ ಸಾಧಾರಣ ಖಾಸಗಿ ಸಂಸ್ಥೆಯಲ್ಲಿ ಓದಿ, ಕೊನೆಗೆ ಕೆಲಸಕ್ಕಾಗಿ ಬೆಂಗಳೂರಿಗೇ ಮರಳುವುದಾದರೆ ಆ ನಾಲ್ಕು ವರ್ಷಗಳ ಹೆಚ್ಚುವರಿ ಖರ್ಚಿಗೆ ಸಿಕ್ಕ ಪ್ರತಿಫಲವೇನು ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ಯೋಚಿಸುವುದು ಒಳಿತು.