ದವಾಖಾನೆಯ ಸೇವಕರನ್ನು ಕಾಯುವವರಾರು?

ಸವಣೂರು ತಾಲೂಕಿನ ಹತ್ತಿಮತ್ತೂರಿನಂತಹ ಊರುಗಳಲ್ಲಿ ಜ್ವರ ಬಂದರೂ, ಹೆರಿಗೆಯ ಬೇನೆ ಎದ್ದರೂ, ಹೊಲದಲ್ಲಿ ಗಾಯವಾದರೂ ಜನರಿಗೆ ಮೊದಲು ನೆನಪಾಗುವವರು ನರ್ಸಬಾಯಿಯವರು. ಅವರು ಸೂಜಿ ಚುಚ್ಚುವರು, ರಕ್ತ ತೆಗೆಯುವರು. ಅವರ ಕೆಲಸ ಮುಗಿದ ಬಳಿಕ ರಕ್ತ ಹತ್ತಿದ ಅರಿವೆಗಳನ್ನೂ ಸೂಜಿಗಳನ್ನೂ ಎತ್ತುವವರು ಜಾಡಮಾಲಿಗಳು. ಪರರ ರೋಗವನ್ನು ನೀಗಿಸುವ ಈ ಕೈಗಳಿಗೆ ಆ ಕೆಲಸದಿಂದಲೇ ತಗಲುವ ರೋಗವೊಂದುಂಟು. ಅದರ ಕಡೆಗೆ ವಾಚಕರ ಹಾಗೂ ಅಧಿಕಾರಿಗಳ ಲಕ್ಷ್ಯವನ್ನು ಸೆಳೆಯಬಯಸುತ್ತೇವೆ.

ಅದುವೇ ಹೆಪಟೈಟಿಸ್ ಬಿ. ಕೆಟ್ಟ ನೀರಿನಿಂದ ಬರುವ ಕಾಮಣಿ ಬೇರೆ, ಇದು ಬೇರೆ. ಇದು ರಕ್ತದಿಂದ ರಕ್ತಕ್ಕೆ ಹಾಯುವಂಥದು. ರೋಗಿಯ ರಕ್ತ ಹತ್ತಿದ ಸೂಜಿಯು ಲಸಿಕೆ ಹಾಕಿಸಿಕೊಳ್ಳದವರಿಗೆ ಚುಚ್ಚಿದರೆ ರೋಗ ತಗಲುವ ಸಂಭವವು ನೂರಕ್ಕೆ 30ರ ವರೆಗೂ ಇರಬಹುದು, ಎಚ್.ಐ.ವಿ.ಯ ವಿಷಯದಲ್ಲಿ ಅದು ಸಾವಿರಕ್ಕೆ ಸುಮಾರು 3 ಮಾತ್ರ. ಶರೀರದ ಹೊರಗೆಯೂ ಈ ರೋಗಾಣು 7 ದಿನ ಬದುಕಬಲ್ಲದು. ಅನೇಕರಿಗೆ ಕಣ್ಣು ಹಳದಿಯಾಗುವದೇ ಇಲ್ಲ. ಕೆಲವರಲ್ಲಿ ಅದು ಒಳಗೊಳಗೇ ನೆಲೆಸಿ, ವರ್ಷಗಳ ತರುವಾಯ ಯಕೃತ್ತನ್ನು ಸುಕ್ಕುಗಟ್ಟಿಸುವದು, ಇಲ್ಲವೆ ಅರ್ಬುದವಾಗಿ ಪ್ರಾಣಕ್ಕೆ ಎರವಾಗುವದು.

ಇದು ಕೇವಲ ಭಯದ ಮಾತಲ್ಲ. 1969-70ರಲ್ಲಿ ಸ್ಕಾಟ್ಲಂಡದ ಎಡಿನ್‌ಬರೋ ನಗರದ ಆಸ್ಪತ್ರೆಯಲ್ಲಿ ಈ ರೋಗ ಹಬ್ಬಿ, ರೋಗಿಗಳೊಡನೆ ಸಿಬ್ಬಂದಿಯವರೂ ಅಸುನೀಗಿದರು. ಅಂದು ಲಸಿಕೆ ಇರಲಿಲ್ಲ. 1981ರಲ್ಲಿ ಅಮೇರಿಕೆಯಲ್ಲಿ ಅದಕ್ಕೆ ಅನುಮತಿ ದೊರೆಯಿತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯವರು ಸ್ವದೇಶದಲ್ಲಿಯೇ ಅದನ್ನು ತಯಾರಿಸಿ, ಬಡವರಿಗೆ ಎಟುಕುವ ಬೆಲೆಗೆ ತಂದರು. ಇದು ನಾಡು ಅಭಿಮಾನ ಪಡತಕ್ಕ ಸಂಗತಿ.

ಕಾಯದೆಗೂ ಕೊರತೆಯಿಲ್ಲ. ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳು, ಅದನ್ನು ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾತದ ಲಸಿಕೆ ಹಾಕಿಸತಕ್ಕದ್ದೆಂದು ದವಾಖಾನೆ ನಡೆಸುವವರಿಗೆ ವಿಧಿಸಿವೆ. 2018ರಲ್ಲಿ ಕೇಂದ್ರ ಸರಕಾರವು ಈ ರೋಗಗಳ ನಿಯಂತ್ರಣಕ್ಕಾಗಿಯೇ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ನಿಯಮವು ಕಾಗದದಿಂದ ಕೆಳಗಿಳಿದು ಗುತ್ತಿಗೆಯ ಜಾಡಮಾಲಿಯ ತೋಳನ್ನು ಮುಟ್ಟಬೇಕಲ್ಲವೆ? ಸೂಜಿ ಚುಚ್ಚಿತೆಂದು ಹೇಳಿದರೆ ಕೆಲಸ ಹೋದೀತೆಂದು ಅಂಜಿ ಅವನು ಸುಮ್ಮನಿದ್ದರೆ ಆ ನಿಯಮದಿಂದ ಪ್ರಯೋಜನವೇನು?

ಆದ್ದರಿಂದ ಜಿಲ್ಲಾ ಮತ್ತು ತಾಲೂಕು ಆರೋಗ್ಯಾಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟು: ಪ್ರತಿ ದವಾಖಾನೆಯಲ್ಲಿ, ಖಾಸಗಿಯದಿರಲಿ ಸರಕಾರಿಯದಿರಲಿ, ಡಾಕ್ಟರರಿಂದ ಹಿಡಿದು ಕಸ ಎತ್ತುವವರ ವರೆಗೆ ಎಲ್ಲರ ಹೆಸರುಗಳ ಯಾದಿ ಇರಲಿ. ಆರಂಭದಲ್ಲಿ, ಒಂದನೆಯ ತಿಂಗಳಿಗೆ, ಆರನೆಯ ತಿಂಗಳಿಗೆ ಹೀಗೆ ಮೂರು ಸಲದ ಲಸಿಕೆಯು ಪೂರ್ಣವಾಯಿತೋ ಇಲ್ಲವೋ ಅದರಲ್ಲಿ ದಾಖಲಾಗಲಿ. ಬಳಸಿದ ಸೂಜಿಗೆ ಮತ್ತೆ ಟೊಪ್ಪಿಗೆ ತೊಡಿಸುವ ರೂಢಿ ನಿಲ್ಲಲಿ. ಅದು ನೇರವಾಗಿ ತೂತು ಬೀಳದ ಡಬ್ಬಿಗೆ ಹೋಗಲಿ. ಚುಚ್ಚಿದ ಗಾಯವನ್ನು ಹಿಂಡದೆ ಸಾಬೂನು ನೀರಿನಿಂದ ತೊಳೆದು ಕೂಡಲೆ ವರದಿ ಮಾಡಿದವರಿಗೆ, ಸಾಧ್ಯವಾದಷ್ಟು ಮಟ್ಟಿಗೆ 24 ತಾಸಿನೊಳಗೆ, ಉಪಚಾರ ದೊರೆಯಲಿ, ಬೈಗಳಲ್ಲ.

2020ರಲ್ಲಿ ಕೊರೋನಾ ಬಂದಾಗ ಇದೇ ಸೇವಕರಿಗಾಗಿ ದೇಶವೆಲ್ಲ ಚಪ್ಪಾಳೆ ತಟ್ಟಿತು. ಚಪ್ಪಾಳೆಯ ಋಣವು ಲಸಿಕೆಯಿಂದ ಸಂದಾಯವಾಗಲಿ ಎಂಬದೇ ನಮ್ಮ ಆಗ್ರಹ.